ಆಟಗಾರನ ಸಂಬಳಕ್ಕೊಂದು ಎಲ್ಲೆ

ಚೆಂಡಾಡಿ ಜೀವನ ಸಾಗಿಸುವವನ ಸಂಬಳಕ್ಕೆ ಇಷ್ಟೇ ಎಂದು ಎಲ್ಲೆ ಕಟ್ಟಬಹುದೆ, ಕಟ್ಟಿದರೆ ಅದು ನ್ಯಾಯವೆ ಎಂಬುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಹೊಟ್ಟೆ ತುಂಬಿದವರ ಜಗಳವೆಂದು ಅದನ್ನು ತಳ್ಳಿಹಾಕುವುದೂ ಸುಲಭ. ವಾರಕ್ಕೆ ಲಕ್ಷಗಟ್ಟಲೆ ಪೌಂಡು ಎಣಿಸಿಕೊಳ್ಳುವ ಫುಟ್‌ಬಾಲ್ ಆಟಗಾರನಿಗೆ ಸಂಬಳ ತುಸು ಹೆಚ್ಚಾದರೇನು, ಕಡಿಮೆಯಾದರೇನು ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಆದರೆ ಈ ಪ್ರಶ್ನೆ ಹುಟ್ಟಿದ್ದು ಲಕ್ಷಗಳಲ್ಲಿ ಅಲ್ಲ, ವಾರಕ್ಕೆ 4 ಪೌಂಡಿನ ಲೆಕ್ಕದಲ್ಲಿ. ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದಿದವನಿಗೆ ತಿಳಿಯುವುದೇನೆಂದರೆ, ದುಡಿಯುವವನ ಪಾಲು ಎಷ್ಟು, ಆ ಪಾಲನ್ನು ಗೊತ್ತುಮಾಡುವವರು ಯಾರು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಆಟದ ಅಂಗಿ ತೊಟ್ಟು ನಿಂತಿದೆ.

'ಮಿತಿ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು ಅಳತೆ, ಇನ್ನೊಂದು ಎಲ್ಲೆ. ಜೀವನದಲ್ಲಿ ಇವೆರಡಕ್ಕೂ ಬಹಳ ಅಂತರವಿದೆ. ಕಣದಲ್ಲಿ ರಾಶಿ ಅಳೆಯುವ ಹೊತ್ತಿಗೆ ಧಣಿಯೂ ಗೇಣಿದಾರನೂ ಎದುರುಬದುರು ಇದ್ದು, ಕೊಳಗದ ಗಾತ್ರ ಇಬ್ಬರಿಗೂ ತಿಳಿದಿದ್ದರೆ, ಬಂದ ಪಾಲು ತುಸು ಕಡಿಮೆಯಾದರೂ ಗೇಣಿದಾರ ಅದನ್ನು ಅಳತೆ ಎಂದು ಒಪ್ಪುತ್ತಾನೆ. ಧಣಿಯೊಬ್ಬನೇ ಒಳಗೆ ಅಳೆದು ಹೊರಗೆ ತಂದು ಸುರಿದದ್ದು ಎಷ್ಟೇ ಇರಲಿ, ಅದು ಅಳತೆಯಾಗುವುದಿಲ್ಲ, ಬರಿಯ ಎಲ್ಲೆಯಾಗುತ್ತದೆ. ಸಂಬಳದ ಮೇಲ್ಮಿತಿಯ ನ್ಯಾಯಾನ್ಯಾಯವೂ ಹೆಚ್ಚುಕಡಿಮೆ ಇಷ್ಟರಲ್ಲೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸಲು ಮೊದಲು ಇಂಗ್ಲೆಂಡಿನ ಕಥೆಯನ್ನು, ಆಮೇಲೆ ಅಮೆರಿಕದ ಕಥೆಯನ್ನು ತುಸು ವಿವರವಾಗಿ ಹೇಳಬೇಕು.

ಇಂಗ್ಲೆಂಡಿನಲ್ಲಿ ಹಣ ಪಡೆದು ಫುಟ್‌ಬಾಲ್ ಆಡುವುದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1885ರಲ್ಲಿ. ಮೂರು ವರ್ಷಗಳ ಬಳಿಕ, 1888ರಲ್ಲಿ, ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿಕೊಂಡವು. ಆ ಕ್ಲಬ್ಬುಗಳಲ್ಲಿ ಅರ್ಧದಷ್ಟು ಉತ್ತರದ ಗಿರಣಿ ಸೀಮೆಯವು, ಉಳಿದರ್ಧ ನಡುನಾಡಿನ ಕಾರ್ಖಾನೆ ಪಟ್ಟಣಗಳವು. ಶನಿವಾರ ಮಧ್ಯಾಹ್ನ ಗಿರಣಿಯ ಸೀಟಿ ಊದಿದೊಡನೆ ಕಾರ್ಮಿಕರು ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಆಡುವವರೂ ಅವರ ಮನೆಗಳ ಹುಡುಗರೇ. ಒಳ್ಳೆಯ ಆಟಗಾರನಿಗಾಗಿ ಕ್ಲಬ್ಬುಗಳು ಪೈಪೋಟಿಗೆ ಇಳಿದಾಗ ಸಂಬಳ ಏರತೊಡಗಿತು. ಅದನ್ನು ತಡೆಯಲು 1901ರ ಋತುವಿನಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ನಿಯಮ ಜಾರಿಗೆ ಬಂದಿತು. ಗೆದ್ದದ್ದಕ್ಕೆ ಮೇಲುಹಣ ಕೊಡುವುದೂ ನಿಷಿದ್ಧವಾಯಿತು.

ಆಗ ನುರಿತ ಕುಶಲಕರ್ಮಿಯ ವಾರದ ಕೂಲಿ ಸುಮಾರು 2 ಪೌಂಡು. ಅದಕ್ಕೆ ಹೋಲಿಸಿದರೆ 4 ಪೌಂಡು ಕೀಳಾದ ಸಂಬಳವೇನಲ್ಲ. ನಿಯಮ ಮಾಡಿದವರು ಹೇಳಿದ ಕಾರಣವೂ ಕೇಳಲು ಹಿತವಾದದ್ದೇ. ಹಣವಂತ ಕ್ಲಬ್ಬೊಂದು ಎಲ್ಲ ಒಳ್ಳೆಯ ಆಟಗಾರರನ್ನೂ ಕೊಂಡುಕೊಂಡುಬಿಟ್ಟರೆ ಸಣ್ಣ ಊರಿನ ಕ್ಲಬ್ಬು ಬದುಕುವುದು ಹೇಗೆ? ಯಾರು ಗೆಲ್ಲುತ್ತಾರೆಂದು ಮೊದಲೇ ತಿಳಿದಿರುವ ಆಟವನ್ನು ನೋಡಲು ಯಾರು ಬರುತ್ತಾರೆ? ಈ ವಾದದಲ್ಲಿ ನಿಜವಿದೆ. ಜವಳಿ ಅಂಗಡಿಯವನಿಗೆ ಎದುರಂಗಡಿ ಮುಚ್ಚಿದರೆ ಲಾಭ. ಫುಟ್‌ಬಾಲ್ ಕ್ಲಬ್ಬಿಗೆ ಎದುರಾಳಿ ಮುಚ್ಚಿಹೋದರೆ ಆಟವೇ ಇಲ್ಲ. ಎದುರಾಳಿಯ ಆರೋಗ್ಯವನ್ನು ಬಯಸಲೇಬೇಕಾದ ವಿಚಿತ್ರ ವ್ಯಾಪಾರ ಅದು. ಆದ್ದರಿಂದ ಅಲ್ಲಿ ಯಾವುದೋ ಒಂದು ಬಗೆಯ ಹಂಚಿಕೆ, ಕಟ್ಟುಪಾಡು ಬೇಕೆಂಬುದನ್ನು ಅಲ್ಲಗಳೆಯಲಾಗದು.

ತೊಡಕು ಇರುವುದು ಆ ಕಟ್ಟುಪಾಡಿನ ಜೊತೆಗೆ ಇದ್ದ ಇನ್ನೊಂದು ಸಂಕೋಲೆಯಲ್ಲಿ. ಆಟಗಾರನ ಹೆಸರನ್ನು ಒಮ್ಮೆ ಒಂದು ಕ್ಲಬ್ಬು ನೋಂದಾಯಿಸಿಕೊಂಡರೆ, ಕರಾರಿನ ಅವಧಿ ಮುಗಿದರೂ ಆ ಕ್ಲಬ್ಬು ಬಿಡದೆ ಅವನು ಲೀಗಿನ ಬೇರೊಂದು ಕ್ಲಬ್ಬಿಗೆ ಆಡುವಂತಿರಲಿಲ್ಲ. ಬಿಡುವುದಾದರೆ ಬೆಲೆ ಕಟ್ಟಿ ಮಾರಬಹುದಾಗಿತ್ತು. ಆ ಬೆಲೆಗೆ ಮಾತ್ರ ಮಿತಿಯಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರರನ್ನು ಸಂಡರ್‌ಲೆಂಡ್ ಕ್ಲಬ್ಬಿನಿಂದ ಮಿಡಲ್ಸ್‌ಬರೋ ಕ್ಲಬ್ಬು 1000 ಪೌಂಡಿಗೆ ಕೊಂಡಿತು. ಒಬ್ಬ ಆಟಗಾರನಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಆ 1000 ಪೌಂಡು ಒಂದು ಕ್ಲಬ್ಬಿನ ಪೆಟ್ಟಿಗೆಯಿಂದ ಇನ್ನೊಂದು ಕ್ಲಬ್ಬಿನ ಪೆಟ್ಟಿಗೆಗೆ ಹೋಯಿತು. ಮಾರಾಟವಾದ ಮನುಷ್ಯನ ಸಂಬಳ ಮಾತ್ರ ವಾರಕ್ಕೆ 4 ಪೌಂಡಿನ ಎಲ್ಲೆಯೊಳಗೇ ಉಳಿಯಬೇಕು. ಸಂತೆಯಲ್ಲಿ ಎತ್ತಿಗೆ ಒಳ್ಳೆಯ ಬೆಲೆ ಬಂದರೆ ಎತ್ತಿಗೇನು ಬಂತು?

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ವೇಲ್ಸ್ ನಾಡಿನ ಬಿಲ್ಲಿ ಮೆರೆಡಿತ್ ಮುಖ್ಯರು. ಬಾಲ್ಯದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಅವರು ಆ ಕಾಲದ ಅತ್ಯಂತ ಜನಪ್ರಿಯ ಆಟಗಾರರಾಗಿದ್ದರು. 1906ರಲ್ಲಿ, ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬು ಮಿತಿ ಮೀರಿ ಗುಟ್ಟಾಗಿ ಹಣ ಕೊಡುತ್ತಿತ್ತೆಂಬುದು ಬಯಲಾಗಿ, ಹದಿನೇಳು ಆಟಗಾರರಿಗೆ ದಂಡ ಬಿದ್ದಿತು. ಅವರು ಮತ್ತೆ ಆ ಕ್ಲಬ್ಬಿಗೆ ಆಡಕೂಡದೆಂದೂ ಆಜ್ಞೆಯಾಯಿತು. ಕಟ್ಟುನಿಟ್ಟಾದ ಎಲ್ಲೆ ಇದ್ದಲ್ಲಿ ಕಳ್ಳದಾರಿಯೂ ಇರುತ್ತದೆಂಬುದಕ್ಕೆ ಇದು ಒಂದು ನಿದರ್ಶನ. ಮರುವರ್ಷ, 1907ರಲ್ಲಿ, ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಆಟಗಾರರ ಸಂಘ ಸ್ಥಾಪನೆಯಾಯಿತು. 1909ರಲ್ಲಿ ಸಂಘವನ್ನು ಬಿಡಬೇಕೆಂದು ಆಡಳಿತದವರು ಆಟಗಾರರ ಮೇಲೆ ಒತ್ತಡ ತಂದಾಗ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಬಗ್ಗಲಿಲ್ಲ. 'ಬಹಿಷ್ಕೃತರ ಕ್ಲಬ್ಬು' ಎಂದು ತಮ್ಮನ್ನೇ ಕರೆದುಕೊಂಡು ಅವರು ಅಭ್ಯಾಸ ಮುಂದುವರಿಸಿದರು. ಕೊನೆಗೆ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಆದರೆ ಮಿತಿಯೂ ಹೋಗಲಿಲ್ಲ, ನೋಂದಣಿಯ ಸಂಕೋಲೆಯೂ ಕಳಚಲಿಲ್ಲ. 1912ರಲ್ಲಿ ಹ್ಯಾರಿ ಕಿಂಗಬಿ ಎಂಬವರ ಪರವಾಗಿ ಸಂಘವು ಆಸ್ಟನ್ ವಿಲ್ಲಾ ಕ್ಲಬ್ಬಿನ ಮೇಲೆ ಹೂಡಿದ ದಾವೆ ಸೋತಿತು. ಆ ಸೋಲಿನ ಖರ್ಚಿನಿಂದ ಸಂಘ ಬಹುಕಾಲ ಚೇತರಿಸಿಕೊಳ್ಳಲಿಲ್ಲ.

ಇಲ್ಲಿ ಕ್ಲಬ್ಬಿನ ಆಡಳಿತಗಾರರಿಗೂ ನ್ಯಾಯ ಸಲ್ಲಿಸಬೇಕು. ಅವರೆಲ್ಲರೂ ಆಟಗಾರರ ಬೆವರಿನಲ್ಲಿ ಕೋಟೆ ಕಟ್ಟಿಕೊಂಡವರೆಂದರೆ ತಪ್ಪಾಗುತ್ತದೆ. ಕ್ಲಬ್ಬಿನ ಷೇರುದಾರರು ಪಡೆಯಬಹುದಾದ ಲಾಭಾಂಶಕ್ಕೂ ಆ ಕಾಲದಲ್ಲಿ ಮಿತಿಯಿತ್ತು. ಆದರೂ ಒಂದು ವ್ಯತ್ಯಾಸವುಂಟು. ಷೇರುದಾರನಿಗೆ ಬೇರೆ ಗಿರಣಿಯಿತ್ತು, ಬೇರೆ ವ್ಯಾಪಾರವಿತ್ತು. ಆಟಗಾರನಿಗೆ ಇದ್ದದ್ದು ಎರಡು ಕಾಲು, ಅವುಗಳ ಜೊತೆಗೆ ಹತ್ತು ಹನ್ನೆರಡು ವರ್ಷಗಳ ಪ್ರಾಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನ ಮೈದಾನಗಳಿಗೆ ಮುಗಿಬಿದ್ದರು. 1948-49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಲೆಕ್ಕ 4 ಕೋಟಿ 10 ಲಕ್ಷವನ್ನು ಮೀರಿತ್ತು. ಆಗ ಆಟಗಾರನ ಪರಮಾವಧಿ ಸಂಬಳ ವಾರಕ್ಕೆ 12 ಪೌಂಡು.

ಟಾಮ್ ಫಿನ್ನಿಯವರ ಕಥೆಯನ್ನು ಇಲ್ಲಿ ನೆನೆಯಬೇಕು. ಪ್ರೆಸ್ಟನ್ ಊರಿನವರಾದ ಅವರು ಇಂಗ್ಲೆಂಡ್ ಕಂಡ ಮಹಾ ಆಟಗಾರರಲ್ಲಿ ಒಬ್ಬರು. ಕಸುಬಿನಿಂದ ಕೊಳಾಯಿ ಕೆಲಸದವರು. ಕ್ಲಬ್ಬಿನ ಸಂಬಳದ ಜೊತೆಗೆ ಆ ಕಸುಬನ್ನೂ ಬಿಡದೆ ನಡೆಸಿದರು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬು 10,000 ಪೌಂಡು ಕೈಗೆ ಕೊಟ್ಟು, ಮನೆ, ಕಾರು ಎಲ್ಲವನ್ನೂ ಒದಗಿಸಿ ಅವರನ್ನು ಕರೆದುಕೊಳ್ಳಲು ಮುಂದಾಯಿತು. ಪ್ರೆಸ್ಟನ್ ಕ್ಲಬ್ಬು ಬಿಡಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಫಿನ್ನಿಯವರು ಕೊನೆಯವರೆಗೂ ಪ್ರೆಸ್ಟನ್ ತಂಡದಲ್ಲೇ ಆಡಿ ನಿವೃತ್ತರಾದರು. ಊರಿನ ಮೇಲಿನ ಅವರ ನಿಷ್ಠೆಯನ್ನು ಇಂದಿಗೂ ಜನ ಕೊಂಡಾಡುತ್ತಾರೆ. ಆ ನಿಷ್ಠೆ ನಿಜವಾದದ್ದೇ ಇರಬಹುದು. ಆದರೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಒಳಗಿದ್ದವನನ್ನು ಮನೆ ಬಿಡದ ಸುಪುತ್ರನೆಂದು ಹೊಗಳುವುದರಲ್ಲಿ ಏನೋ ಒಂದು ಕೊರೆ ಇದೆಯಲ್ಲವೆ?

ಹಾಗಾದರೆ ಮಿತಿಯಿಂದ ಒಳಿತೇ ಆಗಲಿಲ್ಲವೆ? ಆಯಿತು, ಅದನ್ನೂ ಹೇಳಬೇಕು. ಯುದ್ಧಾನಂತರ 1947ರಿಂದ 1961ರವರೆಗಿನ ಹದಿನೈದು ಋತುಗಳಲ್ಲಿ ಎಂಟು ಬೇರೆ ಬೇರೆ ಕ್ಲಬ್ಬುಗಳು ಇಂಗ್ಲೆಂಡಿನ ಅಗ್ರಪಟ್ಟ ಪಡೆದವು. 1960ರಲ್ಲಿ ಗೆದ್ದ ಬರ್ನ್‌ಲಿ ಲ್ಯಾಂಕಾಷೈರಿನ ಒಂದು ಹತ್ತಿಗಿರಣಿ ಊರು. ಜನಸಂಖ್ಯೆ ಸುಮಾರು 80,000. ಲಂಡನ್ನಿಗೆ ಹೋದರೂ ಅದೇ 20 ಪೌಂಡು, ಬರ್ನ್‌ಲಿಯಲ್ಲಿದ್ದರೂ ಅದೇ 20 ಪೌಂಡು ಎಂದಾಗ ಒಳ್ಳೆಯ ಆಟಗಾರ ಸಣ್ಣ ಊರಿನಲ್ಲಿಯೇ ಉಳಿಯುತ್ತಿದ್ದ. ಗಿರಣಿಯ ಜನಕ್ಕೆ ತಮ್ಮೂರು ದೇಶಕ್ಕೇ ಮೊದಲೆನ್ನುವ ಹೆಮ್ಮೆ ಸಿಕ್ಕಿತು. ಆ ಹೆಮ್ಮೆಗೆ ಬೆಲೆ ಇಲ್ಲವೆಂದು ಯಾರೂ ಹೇಳಲಾರರು. ನಾನು ಕೇಳುವುದಿಷ್ಟೆ: ಊರಿನ ಹೆಮ್ಮೆಯ ಕಂದಾಯವನ್ನು ಹನ್ನೊಂದು ಜನರಿಂದಲೇ ಏಕೆ ವಸೂಲು ಮಾಡಬೇಕಾಗಿತ್ತು?

1960ರ ಹೊತ್ತಿಗೆ ಕಾರ್ಖಾನೆಯ ಕೆಲಸಗಾರನ ಸರಾಸರಿ ವಾರದ ಕೂಲಿ 15 ಪೌಂಡಿನ ಸುಮಾರಿಗೆ ಬಂದಿತ್ತು. ಆಟಗಾರನ ಮಿತಿ ಆಟದ ಋತುವಿನಲ್ಲಿ 20, ಬೇಸಗೆಯಲ್ಲಿ 17 ಪೌಂಡು. 1901ರಲ್ಲಿದ್ದ ಇಮ್ಮಡಿ ಅಂತರ ಕರಗಿಹೋಗಿತ್ತು. ಸಂಘದ ಅಧ್ಯಕ್ಷರಾಗಿದ್ದ ಫುಲಮ್ ಆಟಗಾರ ಜಿಮ್ಮಿ ಹಿಲ್ ಊರೂರಿಗೆ ಹೋಗಿ ಆಟಗಾರರ ಸಭೆ ಸೇರಿಸಿದರು. ಆ ಸಭೆಗಳಲ್ಲಿ ಒಂದರ ಕಥೆಯನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿ ಹೇಳುತ್ತಾರೆ, ತಿರುಳು ಒಂದೇ. ತರುಣ ಆಟಗಾರನೊಬ್ಬ ಎದ್ದು ನಿಂತು, ತನ್ನ ತಂದೆ ಗಣಿಯೊಳಗೆ ದುಡಿದು ತನಗಿಂತ ಕಡಿಮೆ ಗಳಿಸುತ್ತಿರುವಾಗ ತಾನು ಹೆಚ್ಚು ಕೇಳುವುದು ಸರಿಯಲ್ಲವೆಂದನಂತೆ. ಆಗ ಬೋಲ್ಟನ್ ಕ್ಲಬ್ಬಿನ ಟಾಮಿ ಬ್ಯಾಂಕ್ಸ್ ಎದ್ದರು. ಅವರೂ ಗಣಿಯ ಕೆಲಸ ಕಂಡವರೇ. ಗಣಿಯ ದುಡಿಮೆ ಕಷ್ಟದ್ದೆಂಬುದನ್ನು ಒಪ್ಪಿಕೊಂಡು, ಸಾವಿರಾರು ಜನರ ಕಣ್ಣೆದುರು ಸ್ಟ್ಯಾನ್ಲಿ ಮ್ಯಾಥ್ಯೂಸರನ್ನು ತಡೆದು ನಿಲ್ಲಿಸುವ ಕೆಲಸವನ್ನು ನಿನ್ನ ತಂದೆ ಒಮ್ಮೆ ಮಾಡಿ ನೋಡಲಿ ಎಂಬರ್ಥದ ಮಾತನ್ನಾಡಿದರಂತೆ. ಸಭೆ ನಕ್ಕಿತು, ಮುಷ್ಕರಕ್ಕೆ ಕೈಯೆತ್ತಿತು. ತಮಾಷೆಯ ಒಳಗಿದ್ದ ತರ್ಕ ಗಟ್ಟಿಯಾದದ್ದು. ಗಣಿಯವನಿಗೆ ಕಡಿಮೆ ಕೊಡುವುದು ಅನ್ಯಾಯವಾದರೆ ಅದಕ್ಕೆ ಪರಿಹಾರ ಗಣಿಯಲ್ಲಿದೆ. ಮಗನಿಗೆ ಕಡಿಮೆ ಕೊಟ್ಟ ಮಾತ್ರಕ್ಕೆ ತಂದೆಯ ತಟ್ಟೆಗೆ ಒಂದು ತುತ್ತೂ ಹೆಚ್ಚಾಗಿ ಬೀಳುವುದಿಲ್ಲ.

1961ರ ಜನವರಿಯಲ್ಲಿ, ಮುಷ್ಕರದ ಅಂಚಿನಲ್ಲಿ, ಅರವತ್ತು ವರ್ಷಗಳ ಮಿತಿ ಬಿದ್ದುಹೋಯಿತು. ಇಂಗ್ಲೆಂಡ್ ತಂಡದ ನಾಯಕ ಜಾನಿ ಹೇನ್ಸ್ ಅವರಿಗೆ ಫುಲಮ್ ಕ್ಲಬ್ಬು ವಾರಕ್ಕೆ 100 ಪೌಂಡು ಗೊತ್ತುಮಾಡಿತು. ಎರಡನೆಯ ಸಂಕೋಲೆಗೆ ಪೆಟ್ಟು ಬಿದ್ದದ್ದು 1963ರಲ್ಲಿ. ಜಾರ್ಜ್ ಈಸ್ಟಮ್ ಎಂಬ ಆಟಗಾರರು ನ್ಯೂಕ್ಯಾಸಲ್ ಕ್ಲಬ್ಬನ್ನು ಬಿಡಬಯಸಿದಾಗ ಕ್ಲಬ್ಬು ಒಪ್ಪಿರಲಿಲ್ಲ. ಅವರು ಆಟವನ್ನೇ ನಿಲ್ಲಿಸಿ ಬೇರೆ ಕೆಲಸಕ್ಕೆ ಸೇರಿಕೊಂಡರು. 1960ರ ಕೊನೆಗೆ ಕ್ಲಬ್ಬು ಅವರನ್ನು 47,500 ಪೌಂಡಿಗೆ ಆರ್ಸೆನಲ್ ಕ್ಲಬ್ಬಿಗೆ ಮಾರಿತಾದರೂ ಈಸ್ಟಮ್ ಸಂಘದ ಬೆಂಬಲದಿಂದ ದಾವೆಯನ್ನು ಮುಂದುವರಿಸಿದರು. ಕರಾರು ಮುಗಿದವನನ್ನು ಹೀಗೆ ಹಿಡಿದಿಡುವುದು ದುಡಿಯುವ ಹಕ್ಕಿಗೆ ಅಸಮಂಜಸವಾದ ಅಡ್ಡಿಯೆಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪಿತ್ತರು. ಕಿಂಗಬಿಯವರ ಸೋಲಿಗೆ ಉತ್ತರ ದೊರೆಯಲು ಐವತ್ತೊಂದು ವರ್ಷ ಬೇಕಾಯಿತು. ಆ ಬಾಗಿಲು ಯುರೋಪಿನಲ್ಲಿ ಪೂರ್ತಿ ತೆರೆದದ್ದು ಇನ್ನೂ ಮೂವತ್ತೆರಡು ವರ್ಷಗಳ ಮೇಲೆ. ಬೆಲ್ಜಿಯಮ್ ದೇಶದ ಜಾನ್ ಮಾರ್ಕ್ ಬೋಸ್ಮನ್ ಅವರ ಮೊಕದ್ದಮೆಯಲ್ಲಿ 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು.

ಕಥೆ ಇಲ್ಲಿಗೆ ಸುಖಾಂತವಾಯಿತೆ ಎಂದರೆ, ಇಲ್ಲ. ಮಿತಿ ಹೋಯಿತು, ಅದರೊಡನೆ ಇದ್ದ ಹಂಚಿಕೆಯ ಪದ್ಧತಿಗಳೂ ಒಂದೊಂದಾಗಿ ಸಡಿಲಗೊಂಡವು. ಪಂದ್ಯದ ಟಿಕೆಟ್ ಹಣದಲ್ಲಿ ಎದುರಾಳಿ ಕ್ಲಬ್ಬಿಗೂ ಒಂದು ಪಾಲು ಕೊಡುತ್ತಿದ್ದ ಲೀಗಿನ ಹಳೆಯ ರೂಢಿ 1983ರಲ್ಲಿ ನಿಂತಿತು. 1992ರಲ್ಲಿ ದೊಡ್ಡ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗನ್ನು ಮಾಡಿಕೊಂಡವು; ದೂರದರ್ಶನದ ಹಣದ ಬಹುಭಾಗ ಆ ಮೇಲಂತಸ್ತಿನಲ್ಲಿಯೇ ಉಳಿಯತೊಡಗಿತು. ಅಲ್ಲಿಂದ 2025ರವರೆಗಿನ ಮೂವತ್ತಮೂರು ಋತುಗಳಲ್ಲಿ ಪಟ್ಟ ಪಡೆದ ಕ್ಲಬ್ಬುಗಳು ಏಳೇ. ಅವುಗಳಲ್ಲಿ ಎರಡಕ್ಕೇ ಇಪ್ಪತ್ತೊಂದು ಪಟ್ಟಗಳು ಸಂದಿವೆ: ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಹದಿಮೂರು, ಮ್ಯಾಂಚೆಸ್ಟರ್ ಸಿಟಿಗೆ ಎಂಟು. 2016ರಲ್ಲಿ ಲೆಸ್ಟರ್ ಗೆದ್ದಾಗ ಜಗತ್ತು ಅದನ್ನು ಪವಾಡವೆಂದು ಕರೆಯಿತು. ಒಂದು ಕಾಲದಲ್ಲಿ ವಾಡಿಕೆಯಾಗಿದ್ದದ್ದು ಪವಾಡವಾಯಿತು. 1885ರಲ್ಲಿ ಹುಟ್ಟಿದ್ದ ಬರಿ ಎಂಬ ಊರಿನ ಕ್ಲಬ್ಬನ್ನು, ಅದರ ಹಣಕಾಸು ಕುಸಿದದ್ದರಿಂದ, 2019ರಲ್ಲಿ ಲೀಗಿನಿಂದಲೇ ತೆಗೆದುಹಾಕಿದರು. ಆಟಗಾರನ ಸಂಕೋಲೆ ಕಳಚಿದ್ದು ನ್ಯಾಯ. ಸಣ್ಣ ಊರು ಸೊರಗಿದ್ದು ನಷ್ಟ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರು ಅರ್ಧಸತ್ಯವನ್ನಾಡುತ್ತಾರೆ. ಇವೆರಡನ್ನೂ ಒಟ್ಟಿಗೆ ಸಾಧಿಸುವ ದಾರಿ ಬೇರೆಲ್ಲಾದರೂ ಇದೆಯೆ ಎಂದು ಹುಡುಕುವಾಗ ಅಮೆರಿಕದತ್ತ ನೋಡಬೇಕಾಗುತ್ತದೆ.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ಬೇರೆಯ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ ಅದು. ಅದನ್ನು ನಡೆಸುವ ನ್ಯಾಷನಲ್ ಫುಟ್‌ಬಾಲ್ ಲೀಗು 1920ರಲ್ಲಿ ಹುಟ್ಟಿತು. ಈಗ ಅದರಲ್ಲಿ ಮೂವತ್ತೆರಡು ತಂಡಗಳಿವೆ. ಇಂಗ್ಲೆಂಡ್ ತನ್ನ ಮಿತಿಯನ್ನು ಕೈಬಿಟ್ಟ 1961ರಲ್ಲಿಯೇ, ತಂಡಗಳೆಲ್ಲ ಕೂಡಿ ದೂರದರ್ಶನದ ಹಕ್ಕನ್ನು ಒಟ್ಟಾಗಿ ಮಾರಬಹುದೆಂದು ಅಮೆರಿಕದ ಶಾಸನಸಭೆ ಕಾಯಿದೆ ಮಾಡಿತು. ಬಂದ ಹಣವನ್ನು ತಂಡಗಳು ಸಮನಾಗಿ ಹಂಚಿಕೊಂಡವು. ನ್ಯೂಯಾರ್ಕ್ ಮಹಾನಗರದ ತಂಡಕ್ಕೆ ಎಷ್ಟೋ, ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸುಮಾರು ಒಂದು ಲಕ್ಷ ಜನರ ಪಟ್ಟಣದ ತಂಡಕ್ಕೂ ಅಷ್ಟೇ. ಆ ಗ್ರೀನ್ ಬೇ ತಂಡಕ್ಕೆ ಒಬ್ಬ ಒಡೆಯನಿಲ್ಲ. ಲಾಭಾಂಶ ಬರುವುದಿಲ್ಲವೆಂದು ತಿಳಿದೂ ಷೇರು ಕೊಂಡ ಐದು ಲಕ್ಷಕ್ಕೂ ಹೆಚ್ಚು ಜನರೇ ಅದರ ಒಡೆಯರು. ಅಂದರೆ ಅಲ್ಲಿ ಹಂಚಿಕೆ ಆರಂಭವಾದದ್ದು ಒಡೆಯರ ಆದಾಯದಿಂದ, ಆಟಗಾರನ ಸಂಬಳದಿಂದಲ್ಲ.

ಸಂಬಳದ ಮಿತಿ ಅಲ್ಲಿಗೆ ಬಂದದ್ದು ಬಹಳ ತಡವಾಗಿ, ಒಂದು ದೊಡ್ಡ ಜಗಳದ ಕೊನೆಗೆ. ಅಲ್ಲಿಯ ಆಟಗಾರರಿಗೂ ತಂಡ ಬಿಟ್ಟು ತಂಡಕ್ಕೆ ಹೋಗುವ ಸ್ವಾತಂತ್ರ್ಯ ಇರಲಿಲ್ಲ. ಅದಕ್ಕಾಗಿ 1987ರಲ್ಲಿ ಅವರು ಮುಷ್ಕರ ಹೂಡಿ ಸೋತರು. ಬಳಿಕ ನ್ಯಾಯಾಲಯಕ್ಕೆ ಹೋಗಿ, 1992ರಲ್ಲಿ ಗೆದ್ದರು. ಆಗ ಎರಡು ಪಕ್ಷದವರೂ ಕುಳಿತು ಮಾತನಾಡಿ 1993ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಕೆಲವು ವರ್ಷ ಆಡಿ ಕರಾರು ಮುಗಿಸಿದವನು ತನಗೆ ಬೇಕಾದ ತಂಡಕ್ಕೆ ಹೋಗಬಹುದು; ಅದಕ್ಕೆ ಪ್ರತಿಯಾಗಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿ ಇರಬಹುದು ಎಂಬುದು ಅದರ ಸಾರ. ಆ ಮಿತಿ 1994ರಲ್ಲಿ ತಂಡವೊಂದಕ್ಕೆ 3 ಕೋಟಿ 46 ಲಕ್ಷ ಡಾಲರು. 2025ರಲ್ಲಿ ಅದು 27 ಕೋಟಿ 92 ಲಕ್ಷ ಡಾಲರಿಗೆ ಏರಿತ್ತು. ಏರಿದ್ದು ಯಾರ ಕೃಪೆಯಿಂದಲೂ ಅಲ್ಲ. ಲೀಗಿನ ಒಟ್ಟು ವರಮಾನದಲ್ಲಿ ಆಟಗಾರರಿಗೆ ಸುಮಾರು ಶೇಕಡ 48 ಸಲ್ಲಬೇಕೆಂದು ಒಪ್ಪಂದದಲ್ಲಿರುವುದರಿಂದ. ರಾಶಿ ಬೆಳೆದಷ್ಟೂ ಪಾಲು ಬೆಳೆಯುತ್ತದೆ. ಇನ್ನೂ ಒಂದು ಮುಖ್ಯ ಅಂಶವುಂಟು: ಮೇಲ್ಮಿತಿ ಇರುವಂತೆ ಕೆಳಮಿತಿಯೂ ಇದೆ. ಮೇಲ್ಮಿತಿಯ ಬಹುಪಾಲನ್ನು ತಂಡಗಳು ಸಂಬಳಕ್ಕೆ ಖರ್ಚುಮಾಡಲೇಬೇಕು. ಉಳಿಸಿ ಗಂಟು ಕಟ್ಟುವಂತಿಲ್ಲ. ಈ ವ್ಯವಸ್ಥೆ ಬಂದ ಮೂರನೆಯ ಋತುವಿನಲ್ಲಿ ರಾಷ್ಟ್ರದ ಪಟ್ಟ ಗೆದ್ದದ್ದು ಅದೇ ಗ್ರೀನ್ ಬೇ.

ಇದನ್ನು ರಾಮರಾಜ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಲೇಜಿನಿಂದ ಬರುವ ಹೊಸ ಆಟಗಾರ ಅಲ್ಲಿ ತನ್ನ ತಂಡವನ್ನು ಆರಿಸಿಕೊಳ್ಳಲಾರ. ಹಿಂದುಳಿದ ತಂಡ ಮೊದಲು ಆರಿಸಿಕೊಳ್ಳುವ ಸರದಿಯಲ್ಲಿ ಅವನೇ ಆರಿಸಲ್ಪಡುತ್ತಾನೆ. ತಾನು ಇನ್ನೂ ಬಾಲಕನಾಗಿದ್ದಾಗ ಹಿರಿಯರು ಸಹಿ ಹಾಕಿದ ಒಪ್ಪಂದ ಅವನನ್ನು ಕಟ್ಟಿಹಾಕುತ್ತದೆ. ಆಟಗಾರರ ಸಂಘದ ಲೆಕ್ಕದಂತೆ ಅಲ್ಲಿ ಸರಾಸರಿ ವೃತ್ತಿಜೀವನ ಮೂರು ವರ್ಷಕ್ಕಿಂತ ತುಸು ಹೆಚ್ಚು. ಅನೇಕರಿಗೆ ಸ್ವಾತಂತ್ರ್ಯದ ಬಾಗಿಲು ತೆರೆಯುವ ಮೊದಲೇ ಮೊಣಕಾಲು ಕೈಕೊಟ್ಟಿರುತ್ತದೆ. ಕರಾರಿನಲ್ಲಿ ಬರೆದ ಹಣವೆಲ್ಲ ಖಾತರಿಯೂ ಅಲ್ಲ. ತರಬೇತುದಾರರ ಸಂಬಳಕ್ಕೆ ಮಿತಿಯಿಲ್ಲ. ತಂಡದ ಬೆಲೆ ಏರಿ ಒಡೆಯನಿಗಾಗುವ ಲಾಭಕ್ಕಂತೂ ಇಲ್ಲವೇ ಇಲ್ಲ. ಸಮಾನತೆಯೂ ಪೂರ್ತಿ ಬಂದಿಲ್ಲ: 2002ರಿಂದ 2019ರ ನಡುವೆ ನ್ಯೂ ಇಂಗ್ಲೆಂಡ್ ತಂಡವೊಂದೇ ಆರು ಸಲ ಪಟ್ಟ ಗೆದ್ದಿತು. ಇಷ್ಟೆಲ್ಲ ಕುಂದುಗಳಿದ್ದರೂ, ಹಳೆಯ ಇಂಗ್ಲೆಂಡಿನ 4 ಪೌಂಡಿಗೂ ಇದಕ್ಕೂ ಇರುವ ಭೇದ ಜಾತಿಯದು, ಗಾತ್ರದ್ದಲ್ಲ. ಅಲ್ಲಿ ಎಲ್ಲೆಯಿತ್ತು, ಇಲ್ಲಿ ಅಳತೆಯಿದೆ.

ಈ ಭೇದವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲಿಯೇ ಇತ್ತೀಚಿನ ಪ್ರಸಂಗವೊಂದಿದೆ. 2020ರಲ್ಲಿ ಸಾಂಕ್ರಾಮಿಕದಿಂದ ಮೈದಾನಗಳು ಬರಿದಾದಾಗ, ಲೀಗಿನ ಮೂರನೆಯ, ನಾಲ್ಕನೆಯ ಶ್ರೇಣಿಯ ಕ್ಲಬ್ಬುಗಳು ಬಹುಮತದಿಂದ ಸಂಬಳದ ಮಿತಿಯನ್ನು ಮತ್ತೆ ತಂದವು. ತಂಡವೊಂದಕ್ಕೆ ವರ್ಷಕ್ಕೆ ಮೂರನೆಯ ಶ್ರೇಣಿಯಲ್ಲಿ 25 ಲಕ್ಷ ಪೌಂಡು, ನಾಲ್ಕನೆಯದರಲ್ಲಿ 15 ಲಕ್ಷ. ಉದ್ದೇಶ ಒಳ್ಳೆಯದೇ, ಬರಿ ಕ್ಲಬ್ಬಿನ ಗತಿ ಇನ್ನೊಂದಕ್ಕೆ ಬರಬಾರದೆಂಬುದು. ಆದರೆ ಆಟಗಾರರ ಸಂಘದೊಡನೆ ನಡೆಸಬೇಕಾಗಿದ್ದ ಮಾತುಕತೆಯನ್ನು ಸರಿಯಾಗಿ ನಡೆಸಿರಲಿಲ್ಲ. ಸಂಘ ದೂರಿತು, 2021ರ ಫೆಬ್ರವರಿಯಲ್ಲಿ ಪಂಚಾಯಿತಿಯ ಮಂಡಲಿ ಆಟಗಾರರ ಪರವಾಗಿ ತೀರ್ಪಿತ್ತಿತು, ಮಿತಿ ರದ್ದಾಯಿತು. ಕೇವಲ ಆರು ತಿಂಗಳ ಆಯುಸ್ಸು. ಅಂಕಿ ತಪ್ಪಾಗಿತ್ತೆಂದಲ್ಲ, ಅಳೆಯುವ ಹೊತ್ತಿಗೆ ಇನ್ನೊಬ್ಬ ಪಾಲುದಾರನನ್ನು ಕಣಕ್ಕೆ ಕರೆದಿರಲಿಲ್ಲವೆಂದು ಅದು ಬಿದ್ದಿತು.

ಯುರೋಪಿನ ಫುಟ್‌ಬಾಲ್ ಒಕ್ಕೂಟವು ಹಿಡಿದಿರುವ ದಾರಿ ಮತ್ತೊಂದು. ಅದರ ಪಂದ್ಯಾವಳಿಗಳಲ್ಲಿ ಆಡುವ ಕ್ಲಬ್ಬುಗಳು ಆಟಗಾರರ ಸಂಬಳ, ಕೊಳ್ಳುವಿಕೆ ಇತ್ಯಾದಿಗೆ ತಮ್ಮ ವರಮಾನದ ಶೇಕಡ 70ಕ್ಕಿಂತ ಹೆಚ್ಚು ಖರ್ಚುಮಾಡಬಾರದೆಂಬ ನಿಯಮ 2025-26ರಿಂದ ಪೂರ್ತಿಯಾಗಿ ಜಾರಿಗೆ ಬಂದಿದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನೇ ಶಾಸನ ಮಾಡಿದಂತಿದೆ. ಸ್ಪೇನಿನ ಲೀಗಿನಲ್ಲಿಯೂ ಇಂಥದೇ ಕಟ್ಟುಪಾಡಿದೆ. ಅದರಿಂದಾಗಿಯೇ ಸಾಲದಲ್ಲಿ ಮುಳುಗಿದ್ದ ಬಾರ್ಸಿಲೋನಾ ಕ್ಲಬ್ಬು 2021ರ ಆಗಸ್ಟಿನಲ್ಲಿ ಲಿಯೊನೆಲ್ ಮೆಸ್ಸಿಯವರನ್ನು ಉಳಿಸಿಕೊಳ್ಳಲಾರದೆ ಕಳುಹಿಸಿಕೊಟ್ಟಿತು. ದಿವಾಳಿಯನ್ನು ತಡೆಯಲು ಇದು ಒಳ್ಳೆಯ ಮದ್ದು. ಆದರೆ ಇದನ್ನು ಸಮಾನತೆಯೆಂದು ಕರೆಯಲಾಗದು. ವರಮಾನ 100 ಕೋಟಿ ಇರುವವನು 70 ಕೋಟಿ ಸುರಿಯಬಹುದು. 10 ಕೋಟಿ ಇರುವವನು 7 ಕೋಟಿ ಮಾತ್ರ. ದೊಡ್ಡ ಹಾಸಿಗೆ ದೊಡ್ಡದಾಗಿಯೇ, ಚಿಕ್ಕದು ಚಿಕ್ಕದಾಗಿಯೇ ಉಳಿಯುತ್ತದೆ. ಬರ್ನ್‌ಲಿಯ ದಿನಗಳನ್ನು ಈ ನಿಯಮ ಮರಳಿ ತರಲಾರದು.

ನಮ್ಮ ದೇಶಕ್ಕೆ ಈ ಪ್ರಶ್ನೆ ಮನೆಮಾತಾಗಿ ಬಂದದ್ದು ಫುಟ್‌ಬಾಲಿನಿಂದಲ್ಲ, ಕ್ರಿಕೆಟ್ಟಿನಿಂದ. ಐಪಿಎಲ್ ಹರಾಜನ್ನು ನೋಡುವ ನಮ್ಮ ಮಕ್ಕಳು 'ಪರ್ಸಿನಲ್ಲಿ ಎಷ್ಟು ಉಳಿದಿದೆ' ಎಂದು ಕೇಳುತ್ತಾರಲ್ಲ, ಆ ಪರ್ಸು ಎಂಬುದೇ ಸಂಬಳದ ಮೇಲ್ಮಿತಿ. 2008ರ ಮೊದಲ ಹರಾಜಿನಲ್ಲಿ ಅದು ತಂಡಕ್ಕೆ 50 ಲಕ್ಷ ಡಾಲರು ಇತ್ತು. 2025ರ ಪಂದ್ಯಾವಳಿಗಾಗಿ ನಡೆದ ಹರಾಜಿನ ಹೊತ್ತಿಗೆ 120 ಕೋಟಿ ರೂಪಾಯಿ. ಆದರೆ ಅದನ್ನು ಗೊತ್ತುಮಾಡುವಾಗ ಆಡುತ್ತಿರುವ ಆಟಗಾರರ ಪರವಾಗಿ ಎದುರು ಕುಳಿತು ಮಾತನಾಡುವ ಸಂಘ ನಮ್ಮಲ್ಲಿಲ್ಲ. 2019ರಲ್ಲಿ ಸ್ಥಾಪನೆಯಾದ ಕ್ರಿಕೆಟಿಗರ ಸಂಘ ನಿವೃತ್ತರದು. ಹರಾಜಿನಲ್ಲಿ ಕೋಟಿಗಳ ಕೂಗು ಕೇಳಿ ನಾವು ಬೆರಗಾಗುತ್ತೇವೆ. ಕೊಳಗವನ್ನು ಹಿಡಿದ ಕೈ ಯಾವುದೆಂದು ಕೇಳುವುದಿಲ್ಲ.

ಈಗ ಒಟ್ಟು ಮಾಡಿ ಹೇಳುವುದಾದರೆ, ಸಂಬಳಕ್ಕೆ ಮಿತಿ ನ್ಯಾಯವೆ ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದೇ ಮಾತಿನ ಉತ್ತರ ಸಲ್ಲದು. ಯಾವ ಮಿತಿಯನ್ನಾದರೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಮೊದಲನೆಯದು, ಮಿತಿಯನ್ನು ಗೊತ್ತುಮಾಡಿದಾಗ ಅದಕ್ಕೆ ಒಳಗಾಗುವವನು ಎದುರಿಗಿದ್ದನೆ? ಎರಡನೆಯದು, ಅವನ ಸಂಬಳದಿಂದ ಉಳಿದ ಹಣ ಎಲ್ಲಿಗೆ ಹೋಯಿತು? ಅದು ಸಣ್ಣ ಊರಿನ ಕ್ಲಬ್ಬನ್ನು ಬದುಕಿಸಿತೆ, ಅಥವಾ ಒಡೆಯನ ತಿಜೋರಿಯನ್ನಷ್ಟೇ ತುಂಬಿತೆ? ಮೂರನೆಯದು, ಬಾಗಿಲು ತೆರೆದಿದೆಯೆ? ಅಂದರೆ, ಒಪ್ಪದವನು ಹೊರಟುಹೋಗಬಹುದೆ? 1901ರ ಮಿತಿ ಮೊದಲನೆಯ ಮತ್ತು ಮೂರನೆಯ ಪರೀಕ್ಷೆಗಳಲ್ಲಿ ಪೂರ್ತಿಯಾಗಿ ಸೋತು, ಎರಡನೆಯದರಲ್ಲಿ ಅರ್ಧ ಗೆದ್ದಿತು. ಅಮೆರಿಕದ್ದು ಮೊದಲನೆಯದರಲ್ಲಿ ಗೆದ್ದು, ಎರಡನೆಯದರಲ್ಲಿ ಬಹುಮಟ್ಟಿಗೆ ಗೆದ್ದು, ಮೂರನೆಯದರಲ್ಲಿ ಹೊಸಬರ ಪಾಲಿಗೆ ಸೋತಿದೆ.

ಎದುರಾಳಿ ಇಲ್ಲದೆ ಆಟವಿಲ್ಲ. ಆದ್ದರಿಂದ ಬಲ್ಲಿದನು ಬಡವನೊಡನೆ ಹಂಚಿಕೊಳ್ಳಲೇಬೇಕು ಎಂಬುದು ಫುಟ್‌ಬಾಲ್ ನಮಗೆ ಕಲಿಸುವ ದೊಡ್ಡ ಪಾಠ. ಆದರೆ ಹಂಚಿಕೆ ಮೊದಲು ಒಡೆಯರ ವರಮಾನದಿಂದ ಆರಂಭವಾಗಲಿ. ಕ್ಲಬ್ಬುಗಳು ತಮ್ಮ ತಮ್ಮೊಳಗೆ ಟಿಕೆಟ್ಟಿನ ಹಣವನ್ನು, ದೂರದರ್ಶನದ ಹಣವನ್ನು ಹಂಚಿಕೊಂಡ ಮೇಲೆ, ಉಳಿದ ಭಾರದಲ್ಲಿ ಒಂದು ಪಾಲನ್ನು ಹೊರುವಂತೆ ಆಟಗಾರನನ್ನು ಕೇಳಬಹುದು. ಮರ್ಯಾದೆಯಿಂದ ಕೇಳಿದರೆ ಅವನು ಒಪ್ಪುತ್ತಾನೆಂಬುದನ್ನೂ ಚರಿತ್ರೆ ತೋರಿಸಿದೆ. ಕೇಳದೆಯೇ ಅವನ ಹೆಗಲ ಮೇಲೆ ಹೊರಿಸಿದ ಭಾರಕ್ಕೆ ಕ್ರೀಡೆಯ ಹಿತವೆಂದು, ಊರಿನ ಹೆಮ್ಮೆಯೆಂದು ಏನೇ ಹೆಸರಿಟ್ಟರೂ, ಅದು ನ್ಯಾಯವಾಗುವುದಿಲ್ಲ.